ಬಿರಡೆ ಮುಚ್ಚಿದ ಪೆಟ್ಟಿಗೆ

ಏಳು ಸಮುದ್ರ ದಾಟಿ, ಕೀಳು ಸಮುದ್ರ ದಾಟಿ ಹೋದರೆ ಒಂದು ಮನೆ. ಆ ಮನೆಯಲ್ಲಿ ಅಕ್ಕ ತಂಗಿ ಇಬ್ಬರು. ಕಡಲ ದೊರೆ ಅಕ್ಕನಿಗೆ ತನ್ನ ಅರಮನೆಯ ಬಾಗಿಲು ತೆರೆದುಕೊಟ್ಟ. ತಂಗಿಯನ್ನು ಕರೆದು, "ನೀನು ಈ ಬಾಗಿಲ ಸಂದಿಗೆ ಎಣ್ಣೆ ಹಚ್ಚಿಕೊಂಡಿರು" ಅಂದ.

ಅಜ್ಜಿ ಇದ್ದಿದ್ದರೆ ನಮ್ಮ ಕಥೆಯನ್ನು ಹೀಗೆ ಶುರುಮಾಡುತ್ತಿದ್ದಳು. ಇಲ್ಲ, ಮಾಡುತ್ತಿರಲಿಲ್ಲ. ಅವಳ ಕಥೆಗಳಲ್ಲಿ ಗೆಲ್ಲುವವಳು ಯಾವಾಗಲೂ ಕಿರಿಯವಳು. ಹಿರಿಯವಳು ಸೊಕ್ಕಿ ಮೆರೆದು ಕೊನೆಗೆ ಕತ್ತೆಯ ಮೇಲೆ ಕೂತು ಊರು ಬಿಡುತ್ತಿದ್ದಳು. ನಾನು ಅದನ್ನೇ ನಂಬಿ ಹೂಂಗುಟ್ಟುತ್ತಾ ಬೆಳೆದೆ. ಹೂಂ ನಿಂತರೆ ಅಜ್ಜಿಯ ಕಥೆಯೂ ನಿಲ್ಲುತ್ತಿತ್ತು. "ಒಂದ್ಸಲ ಹೂಂ ಅಂದ್ಮೇಲೆ ಕೊನೇವರೆಗೂ ಕೂತಿರ್ಬೇಕು. ಮಧ್ಯ ಎದ್ದು ಹೋಗೋಳ ಕಿವಿ ಉದುರಿಹೋಗುತ್ತೆ" ಎಂದು ಹೆದರಿಸುತ್ತಿದ್ದಳು.

ನನ್ನ ಕಿವಿ ಉದುರಲಿಲ್ಲ, ತೂತಾಯಿತು. ಹನ್ನೆರಡನೇ ವಯಸ್ಸಿನಲ್ಲಿ ಜ್ವರ ಬಂದು ಎಡಗಿವಿಯ ತಮಟೆ ಒಡೆಯಿತು. ಇನ್ನು ತಲೆ ಮುಳುಗಿಸುವಂತಿಲ್ಲ ಎಂದರು ಡಾಕ್ಟರು. ಅದೇ ವರ್ಷ ಅಕ್ಕ ಈಜಿನಲ್ಲಿ ಕಪ್ ಗೆದ್ದು ತಂದಳು. ಈಗ ಅವಳು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಕಡಲ ತಳಕ್ಕಿಳಿದು ಫೋಟೋ ತೆಗೆಯುತ್ತಾಳೆ. ಅವಳ ಕ್ಯಾಮೆರಾಕ್ಕೆ ನೀರು ನುಗ್ಗದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಅಪ್ಪನದು ಗಡಿಯಾರ, ಕ್ಯಾಮೆರಾ ರಿಪೇರಿ ಅಂಗಡಿ. ಮುಂದಿನ ಕೋಣೆಯಲ್ಲಿ ಅವರ ಮೇಜು, ಹಿಂದಿನ ಗೋಡೆಯ ತುಂಬ ಅಕ್ಕನ ಮೀನುಗಳು. ವಾಚಿಗೆ ಸೆಲ್ ಹಾಕಿಸಲು ಬಂದವರು ಕೂಡ "ನಮ್ಮ ದೊಡ್ಡವಳು ತೆಗೆದದ್ದು" ಎಂಬುದನ್ನು ಕೇಳಿಸಿಕೊಳ್ಳದೆ ಹೊರಗೆ ಹೋಗುವಂತಿಲ್ಲ. ಯಾರಾದರೂ ನನ್ನ ಬಗ್ಗೆ ವಿಚಾರಿಸಿದರೆ, "ಚಿಕ್ಕವಳಾ? ಒಳಗಿದ್ದಾಳೆ. ರಬ್ಬರ್ ಒರೆಸ್ತಿದ್ದಾಳೆ" ಎನ್ನುತ್ತಾರೆ.

ಅದು ಸುಳ್ಳೇನಲ್ಲ. ಕ್ಯಾಮೆರಾವನ್ನು ಕೂರಿಸುವ ಗಟ್ಟಿ ಪೆಟ್ಟಿಗೆಗೂ ಅದರ ಮುಚ್ಚಳಕ್ಕೂ ನಡುವೆ ಬಳೆಯಂಥ ಒಂದು ರಬ್ಬರ್ ರಿಂಗು. ಇಡೀ ಸಮುದ್ರವನ್ನು ಹೊರಗೆ ನಿಲ್ಲಿಸುವುದು ಅದೊಂದೇ. ಅದರ ಮೇಲೆ ಒಂದು ಕೂದಲೆಳೆ, ಒಂದು ಮರಳಿನ ಕಣ ಕೂತರೂ ಸಾಕು, ನೀರು ದಾರಿ ಮಾಡಿಕೊಳ್ಳುತ್ತದೆ. ಮೂರು ವರ್ಷದ ಹಿಂದೆ ಅಕ್ಕ ತಾನೇ ಅವಸರದಲ್ಲಿ ಮುಚ್ಚಿಕೊಂಡು ಹೋದಳು. ಮರಳಿ ಬಂದಾಗ ಕ್ಯಾಮೆರಾ ಉಪ್ಪುನೀರಿನ ಚೊಂಬಾಗಿತ್ತು. ರಿಂಗಿನಡಿಯಲ್ಲಿ ಅವಳದೇ ಉದ್ದನೆಯ ಕೂದಲು. ಅಂದಿನಿಂದ ಪೆಟ್ಟಿಗೆ ಮುಚ್ಚುವವಳು ನಾನು. ನಾನು ಮುಚ್ಚಿದ್ದು ಇವತ್ತಿನವರೆಗೆ ಒಂದು ಹನಿಯೂ ಸೋರಿಲ್ಲ. ಅದಕ್ಕೇ ಅಕ್ಕ ನನ್ನನ್ನು ಬಿರಡೆ ಎಂದು ಕರೆಯುವುದು.

ಕಡಲಕುದುರೆ ಕಂಡದ್ದು ನನಗೆ. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ದೋಣಿ ಕಟ್ಟುವ ದಕ್ಕೆಯ ಮೆಟ್ಟಿಲ ಮೇಲೆ ಮಂಡಿಯೂರಿ, ತಳಕ್ಕೆ ಗಾಜು ಕೂರಿಸಿದ ಬಕೆಟ್ಟನ್ನು ನೀರಿಗೆ ಒತ್ತಿಹಿಡಿದು ನೋಡುತ್ತಿದ್ದಾಗ, ಎಡಗಡೆಯ ಮೂರನೇ ಕಂಬದ ಹಳೇ ಹಗ್ಗಕ್ಕೆ ಬಾಲ ಸುತ್ತಿಕೊಂಡು ಅದು ನಿಂತಿತ್ತು. ಗಂಡು. ಹೊಟ್ಟೆ ಉಬ್ಬಿ ಇಷ್ಟು ದಪ್ಪ. ಆ ಜಾತಿಯಲ್ಲಿ ಹೆರುವುದು ಗಂಡೇ. ಅಜ್ಜಿಗೆ ಹೇಳಿದ್ದರೆ, "ಅಂಥ ಊರೊಂದಿದ್ರೆ ನನಗ್ಯಾಕೆ ಮೊದಲೇ ಹೇಳ್ಲಿಲ್ಲ" ಎಂದು ನಗುತ್ತಿದ್ದಳು. ಇಳಿತದ ಹೊತ್ತಿನಲ್ಲಿ ಅದು ಮೊಳದಾಳದ ನೀರಿನಲ್ಲಿರುತ್ತಿತ್ತು. ತಲೆ ಮುಳುಗಿಸಬೇಕಿಲ್ಲ, ಕೈ ಇಳಿಬಿಟ್ಟರೆ ಸಾಕು. ಅಕ್ಕ ಬಿಟ್ಟ ಹಳೇ ಕ್ಯಾಮೆರಾ, ಹಳೇ ಪೆಟ್ಟಿಗೆ ನನ್ನ ಹತ್ತಿರವಿತ್ತು. ಅಂಗಡಿಯಲ್ಲಿ ಉಳಿದಿದ್ದ ಕೊನೆಯ ಹೊಸ ರಿಂಗನ್ನು ಅದಕ್ಕೆ ಹಾಕಿಟ್ಟೆ. ಮರಿ ಹೊರಬರುವ ಬೆಳಗಿನ ಫೋಟೋ ನನ್ನದು, ಗೋಡೆಯ ಮೇಲೆ ಒಂದು ಮೊಳೆ ನನ್ನದು ಎಂದುಕೊಂಡೆ.

ಬಾಯಿ ಬಿಟ್ಟರೆ ಬಣ್ಣಗೇಡು. ಊಟಕ್ಕೆ ಕೂತಾಗ ತಡೆಯಲಾರದೆ ಹೇಳಿಬಿಟ್ಟೆ.

"ಕಡಲಕುದುರೇನಾ! ಬಸುರಿ ಗಂಡಾ!" ಅಕ್ಕನ ಕೈಯ ತುತ್ತು ಅಲ್ಲೇ ನಿಂತಿತು. "ಪತ್ರಿಕೆಯವರು ಒಂದು ತಿಂಗಳಿಂದ ಏನಾದ್ರೂ ಹೊಸದು ಕೊಡು ಅಂತ ಪ್ರಾಣ ತಿಂತಿದ್ದಾರೆ ಕಣೇ."

"ನಾನು ತೆಗೀಬೇಕು ಅಂತ..." ಎಂದೆ.

"ಮೇಲಿಂದ ಕೈ ಇಳಿಬಿಟ್ಟು ಏನು ತೆಗೀತೀಯಾ? ಬೆನ್ನು ಬರುತ್ತೆ ಅಷ್ಟೇ. ನಾನು ಕೆಳಗಿಂದ ತೆಗೆದ್ರೆ ಬೆಳಕೆಲ್ಲಾ ಅದರ ಹಿಂದೆ ಬರುತ್ತೆ."

"ದೊಡ್ಡವಳೇ ತೆಗೀಲಿ ಬಿಡಮ್ಮ, ಚೆನ್ನಾಗಿ ಬರುತ್ತೆ" ಎಂದರು ಅಪ್ಪ, ನೀರಿನ ಲೋಟಕ್ಕೆ ಕೈಚಾಚುತ್ತಾ.

"ಬಿರಡೆ, ನಾಡಿದ್ದು ಬೆಳಗ್ಗೆ ಹೋಗ್ತೀನಿ. ನಾಳೆ ಸಾಯಂಕಾಲದೊಳಗೆ ಪೆಟ್ಟಿಗೆ ರೆಡಿ ಮಾಡಿಕೊಡ್ತೀಯಲ್ಲ?"

"ಹೂಂ" ಎಂದೆ.

ಮರುದಿನ ಮಧ್ಯಾಹ್ನದವರೆಗೂ ಪೆಟ್ಟಿಗೆ ಮುಟ್ಟಲಿಲ್ಲ. ಕಿಟಕಿ ಒರೆಸಿದೆ, ನಲ್ಲಿಯ ಸುತ್ತ ಕಟ್ಟಿದ್ದ ಪಾಚಿ ಉಜ್ಜಿದೆ. "ಇನ್ನೂ ಆಗ್ಲಿಲ್ವೇನಮ್ಮಾ?" ಎಂದು ಅಪ್ಪ ಎರಡು ಸಲ ಕೂಗಿದ ಮೇಲೆ ಫ್ಯಾನು ಆರಿಸಿ, ತಲೆಗೆ ಬಟ್ಟೆ ಕಟ್ಟಿ ಕೂತೆ. ರಿಂಗನ್ನು ಹಳೇ ಫೋನ್ ಕಾರ್ಡಿನ ಮೊಂಡು ಮೂಲೆಯಿಂದ ಎಬ್ಬಿಸಬೇಕು. ಚೂಪಾದದ್ದು ಮುಟ್ಟಿಸಲೇಬಾರದು ಎಂದು ಅಕ್ಕನಿಗೆ ಸಾವಿರ ಸಲ ಬೈದವಳು ನಾನೇ. ಕಾರ್ಡು ಡ್ರಾಯರಿನಲ್ಲಿತ್ತು. ಮುಂದಿನ ಕೋಣೆಯಲ್ಲಿ ಅಪ್ಪ ಯಾರಿಗೋ ಹೇಳುತ್ತಿದ್ದರು: "ನಾಳೆ ಕಡಲಕುದುರೆ ತೆಗೀತಾಳಂತೆ. ಅವಳ ಕಣ್ಣಿಗೆ ಎಂಥೆಂಥವು ಬೀಳ್ತವೆ ನೋಡಿ!"

ಅವಳ ಕಣ್ಣಿಗೆ. ನನ್ನ ಕೈ ತಲೆಯ ಬಟ್ಟೆಯಡಿಗೆ ಹೋಗಿ ಹೇರ್‌ಪಿನ್ ಕಿತ್ತುಕೊಂಡಿತು. ಪಿನ್ನಿನಿಂದಲೇ ರಿಂಗನ್ನು ಚುಚ್ಚಿ ಎತ್ತಿದೆ.

ಭೂತಗನ್ನಡಿಯಲ್ಲಿ ನೋಡಿದರೆ ಎಳ್ಳಿನ ಮೂತಿಯಷ್ಟು ಗಾಯ. ಆದರೂ ತೊಳೆದೆ, ಒರೆಸಿದೆ, ಅಕ್ಕಿಕಾಳಿನಷ್ಟು ಗ್ರೀಸನ್ನು ಬೆರಳಲ್ಲಿ ಸವರಿ ಹೊಳಪು ಬರಿಸಿ, ಪೆಟ್ಟಿಗೆಯ ಅಂಚಿನ ತೋಡಿನೊಳಗೆ ಕೂರಿಸಿದೆ. ಕ್ಯಾಮೆರಾ ಹಾಕದೆ ಖಾಲಿ ಪೆಟ್ಟಿಗೆಯೊಳಗೆ ತೆಳು ಕಾಗದ ಮಡಿಸಿಟ್ಟು, ಮುಚ್ಚಿ, ಬಕೆಟ್ಟಿನಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿದೆ. ಅರ್ಧ ಗಂಟೆ ಬಿಟ್ಟು ತೆಗೆದರೆ ಕಾಗದದ ಒಂದು ಮೂಲೆ ಒದ್ದೆ.

ಬಕೆಟ್ಟಿನಲ್ಲಿ ಇಷ್ಟಾದರೆ ಕಡಲಲ್ಲಿ ಎಷ್ಟಾಗಬೇಡ? ಬೇರೆ ರಿಂಗಿಲ್ಲ. ಇದ್ದದ್ದು ಒಂದೇ, ನನ್ನ ಹಳೇ ಪೆಟ್ಟಿಗೆಯಲ್ಲಿ. ಎರಡಕ್ಕೂ ಅಳತೆ ಒಂದೇ. ಅದನ್ನು ಕಿತ್ತು ಕೊಟ್ಟರೆ ನನ್ನ ಪೆಟ್ಟಿಗೆ ಬರೀ ಡಬ್ಬಿ. ಕೊಡದಿದ್ದರೆ ಅವಳ ಕ್ಯಾಮೆರಾ ಹೋಗುತ್ತದೆ, ಕುದುರೆ ನನಗೆ ಉಳಿಯುತ್ತದೆ. ಒದ್ದೆ ಕಾಗದವನ್ನು ಉಂಡೆ ಮಾಡಿ ಬಿಸಾಡಿದೆ. ಒಳಗೆಲ್ಲ ಒರೆಸಿ, ಕ್ಯಾಮೆರಾ ಕೂರಿಸಿ, ಎರಡೂ ಚಿಲಕ ಹಾಕಿದೆ.

ಬಿಸಿಲು ಇಳಿಯುವಾಗ ಅಕ್ಕ ಬಂದಳು. ಕೂದಲು ಉದುರೀತೆಂದು ಅವಳು ನನ್ನ ಮೇಜಿನ ಹತ್ತಿರ ಬರುವುದಿಲ್ಲ. ಹೊಸ್ತಿಲಲ್ಲೇ ನಿಂತು ಕೈಚಾಚಿದಳು. ಕೊಟ್ಟೆ. ತಿರುಗಿಸಿ ನೋಡಲೂ ಇಲ್ಲ, ಸೀದಾ ಚೀಲಕ್ಕೆ ಹಾಕಿದಳು.

"ನೋಡಲ್ವಾ?" ಎಂದೆ.

"ನೀನು ಮುಚ್ಚಿದ್ಮೇಲೆ ಏನು ನೋಡೋದು? ನಮ್ಮ ಡೈವಿಂಗ್ ಮೇಷ್ಟ್ರು ಇವತ್ತೂ ಕೇಳಿದ್ರು, ಪೆಟ್ಟಿಗೆ ನಾನೇ ಮುಚ್ಚಿಕೊಡ್ತೀನಿ, ಮನೇವರೆಗೂ ಯಾಕೆ ಹೊತ್ಕೊಂಡು ಹೋಗ್ತೀಯಾ ಅಂತ. ಎಲ್ಲರದೂ ಅವರೇ ಮುಚ್ಚೋದಂತೆ. ನನ್ನ ತಂಗಿಗಿಂತ ಚೆನ್ನಾಗಿ ಮುಚ್ಚೋಕೆ ನೀವು ಇನ್ನೊಂದ್ಸಲ ಹುಟ್ಟಿ ಬರ್ಬೇಕು ಅಂದೆ."

ಎದೆ ಕರಗಿತು ಎಂದು ಬರೆದರೆ ಅಜ್ಜಿ ಮೆಚ್ಚುತ್ತಿದ್ದಳೇನೋ. ಕರಗಲಿಲ್ಲ. ಹೊಸದೊಂದು ಕಿಚ್ಚು ಹತ್ತಿಕೊಂಡಿತು. ನಾಳೆ ಇದು ಸೋರಿದರೆ ನಾಡಿದ್ದಿನಿಂದ ಮುಚ್ಚುವವರು ಮೇಷ್ಟ್ರು. ಅವರ ದಪ್ಪ ಬೆರಳು ನನ್ನ ತೋಡಿನಲ್ಲಿ ಆಡುತ್ತದೆ, ಮುದ್ದೆಗಟ್ಟಲೆ ಗ್ರೀಸು ಮೆತ್ತುತ್ತದೆ. ಅಕ್ಕ ಅವರನ್ನೇ ಬಿರಡೆ ಎಂದು ಕರೆದಾಳು! ಕಡಲನ್ನು ಅವಳು ಇಟ್ಟುಕೊಳ್ಳಲಿ, ಗೋಡೆಯನ್ನೂ ಇಟ್ಟುಕೊಳ್ಳಲಿ. ಈ ಚಿಲಕ ಮಾತ್ರ ನಾನು ಯಾರಿಗೂ ಬಿಡುವುದಿಲ್ಲ.

"ಕೊಡಿಲ್ಲಿ. ಇನ್ನೂ ಆಗಿಲ್ಲ" ಎಂದೆ.

"ಆಯ್ತು ಅಂತ ಕೊಟ್ಟೆಯಲ್ಲೇ?"

"ಆಗಿಲ್ಲ ಅಂದ್ನಲ್ಲ."

ಚೀಲದಿಂದ ಪೆಟ್ಟಿಗೆ ತೆಗೆಸಿಕೊಂಡು, ಬಿಚ್ಚಿ ಕ್ಯಾಮೆರಾ ಹೊರಗಿಟ್ಟೆ. ಈ ಸಲ ಡ್ರಾಯರಿನಿಂದ ಕಾರ್ಡು ತೆಗೆದೆ. ಮೊದಲು ಅವಳ ರಿಂಗು. ಆಮೇಲೆ ಕಪಾಟಿನಿಂದ ನನ್ನ ಹಳೇ ಪೆಟ್ಟಿಗೆ ಇಳಿಸಿ, ಅದರ ರಿಂಗು. ಅಕ್ಕ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು.

"ಅದು ನಿಂದಲ್ವಾ?"

"ಹೂಂ."

"ನಂದಕ್ಕೇನಾಯ್ತು?"

"ಪಿನ್ನಲ್ಲಿ ತೆಗೆದೆ."

ಅದರರ್ಥ ಅವಳಿಗೆ ಗೊತ್ತು. ಮುಂದಿನ ಕೋಣೆಯಲ್ಲಿ ಯಾವುದೋ ಗಡಿಯಾರಕ್ಕೆ ಅಪ್ಪ ಕೀ ಕೊಡುತ್ತಿದ್ದ ಸದ್ದು.

"ಬೇಕಂತಲೇನಾ?" ಎಂದಳು.

"ಗೊತ್ತಿಲ್ಲ."

"ಕುದುರೆಗೋಸ್ಕರ?"

"ಹೂಂ."

ಅಕ್ಕ ಚೀಲ ಕೆಳಗಿಟ್ಟು, ಕೂದಲನ್ನೆಲ್ಲ ಎಳೆದು ಗಂಟು ಹಾಕಿಕೊಂಡು ಹೊಸ್ತಿಲ ಮೇಲೆ ಕೂತಳು. ನಾನು ನನ್ನ ರಿಂಗನ್ನು ಬೆರಳ ನಡುವೆ ಜಾರಿಸಿ ನೋಡಿದೆ: ಗಾಯವಿಲ್ಲ, ಮರಳಿಲ್ಲ. ಅಕ್ಕಿಕಾಳಿನಷ್ಟು ಗ್ರೀಸು. ಖಾಲಿ ಪೆಟ್ಟಿಗೆಗೆ ಹೊಸ ಕಾಗದ. ಬಕೆಟ್ಟು, ಮೇಲೆ ಕಲ್ಲು.

ಅರ್ಧ ಗಂಟೆ ಇಬ್ಬರೂ ಬಕೆಟ್ಟನ್ನೇ ನೋಡುತ್ತಾ ಕೂತೆವು.

"ಎಡಗಡೆ, ಮೂರನೇ ಕಂಬ" ಎಂದೆ.

"ಹೂಂ" ಎಂದಳು ಅಕ್ಕ.

"ಹಳೇ ಹಗ್ಗ ಇದೆ. ಅದನ್ನ ಅಲುಗಿಸ್ಬೇಡ."

"ಹೂಂ."

"ಮೊದಲು ನೋಡಿದ್ದು ನಾನು."

ಅವಳು ಬಕೆಟ್ಟಿನಿಂದ ಕಣ್ಣೆತ್ತಿ ನನ್ನನ್ನು ನೋಡಿದಳು. "ಹೂಂ" ಎಂದಳು.

ಪೆಟ್ಟಿಗೆ ಎತ್ತಿ ಹೊರಮೈ ಒರೆಸಿದೆ. ಒಳಗಿನ ಕಾಗದ ಹೊರಗೆ ತೆಗೆದು ನಾಲ್ಕೂ ಮೂಲೆ ಕೆನ್ನೆಗೊತ್ತಿ ನೋಡಿದೆ. ಗರಿಗರಿಯಾಗಿತ್ತು. ಬಿಚ್ಚಿದ್ದರಿಂದ ರಿಂಗನ್ನು ಮತ್ತೊಮ್ಮೆ ಭೂತಗನ್ನಡಿಯಲ್ಲಿ ಸುತ್ತು ಹಾಕಿ ಬಂದೆ. ಕ್ಯಾಮೆರಾ ಕೂರಿಸಿದೆ. ಹೊಟ್ಟೆಕಿಚ್ಚಿನಿಂದ ಬೆರಳು ಇನ್ನೂ ಬಿಸಿಯಾಗಿತ್ತು. ಎಡಗಡೆಯ ಚಿಲಕ ಹಾಕಿದೆ, ಬಲಗಡೆಯದನ್ನೂ ಹಾಕಿದೆ.