ಕಪ್ಪು ಬಳಿದ ಹನ್ನೊಂದು ಹಾಳೆ

ಟಿಪ್ಪಣಿ ಬರೆದುಕೊಂಡಿದ್ದ ಹನ್ನೊಂದು ಹಾಳೆಯಲ್ಲಿ ಉಳಿದದ್ದು ಒಂದೇ ಒಂದು ಸಾಲು. ಮಿಕ್ಕಿದ್ದಕ್ಕೆಲ್ಲ ದಪ್ಪಗೆ ಕಪ್ಪು ಮಸಿ ಬಳಿದಿದ್ದರು.

ಚರಿತ್ರೆಯ ಟೀಚರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮದ್ದುಗುಂಡಿನ ಗೋದಾಮು ಸಿಡಿದು, ಅಲ್ಲಿ ಕಾವಲಿದ್ದ ಅವಳ ಅಣ್ಣ ಸತ್ತು ಇಪ್ಪತ್ತಾರು ವರ್ಷ. ಅವನ ಸಿಗರೇಟಿನಿಂದಲೇ ಬೆಂಕಿ ಹತ್ತಿತೆಂದು ಸರ್ಕಾರ ಅಂದೇ ಸಾರಿಬಿಟ್ಟಿತ್ತು. ಅಂದಿನಿಂದ ಬೀದಿಯವರ ಬಾಯಲ್ಲಿ ಅವಳ ತಾಯಿ 'ಬೆಂಕಿ ಹಚ್ಚಿದವನ ಅಮ್ಮ'. ಆ ಸ್ಫೋಟದ ಗುಟ್ಟಿನ ಕಡತ ನೋಡಲು ಹೊರಗಿನ ಸಂಶೋಧಕಿಯೆಂದು ಅರ್ಜಿ ಹಾಕಿ, ಮೂರು ವರ್ಷ ಚಪ್ಪಲಿ ಸವೆಸಿ, ಎರಡು ದಿನದ ಅನುಮತಿ ಗಿಟ್ಟಿಸಿದ್ದಳು. ಬರೆದುಕೊಂಡದ್ದನ್ನು ಅಲ್ಲೇ ಬಿಟ್ಟು ಹೋಗಬೇಕು, ಅಧಿಕಾರಿ ಪರಿಶೀಲಿಸಿ ಕೊಟ್ಟದ್ದನ್ನಷ್ಟೇ ಒಯ್ಯಬೇಕು. ಓದಿದ್ದನ್ನು ಯಾರಿಗೂ ಹೇಳುವುದಿಲ್ಲವೆಂದು ಮುಚ್ಚಳಿಕೆಗೂ ಸಹಿ ಹಾಕಿದ್ದಳು.

ಕಡತದಲ್ಲಿ ಅಣ್ಣನದೇ ಮೂರು ಪತ್ರಗಳಿದ್ದವು: ತಂತಿ ಕಿಡಿ ಕಾರುತ್ತಿದೆ, ನೀರಿನ ಪಂಪು ಕೆಟ್ಟಿದೆ, ದಯವಿಟ್ಟು ಬೇಗ ಸರಿಮಾಡಿಸಿ. ಮೂರರ ಕೆಳಗೂ ಮೇಲಧಿಕಾರಿಯ ಒಂದೇ ಷರಾ: 'ನೋಡಲಾಯಿತು'.

"ಇದೇನ್ರೀ ಇದು?" ಎಂದಳು, ಮಸಿ ಬಳಿದ ಹಾಳೆಗಳನ್ನು ತೋರಿಸಿ.

"ಮೊದಲೇ ಪ್ರಕಟವಾಗಿರೋದನ್ನ ಮಾತ್ರ ಬಿಡೋದು ಮೇಡಂ. ಆ ಒಂದು ಸಾಲು ಪೇಪರಲ್ಲಿ ಬಂದಿತ್ತು," ಎಂದ ಅಧಿಕಾರಿ, ಪೆನ್ನಿಗೆ ಮುಚ್ಚಳ ಹಾಕುತ್ತ.

ಆ ಸಾಲು: 'ಕಾವಲುಗಾರ ಸಿಗರೇಟು ಸೇದುತ್ತಿದ್ದ.'

"ಅಂದ್ರೆ ಸುಳ್ಳನ್ನ ಮನೆಗೆ ಒಯ್ಯಬಹುದು, ನಿಜ ನಿಮ್ಮ ಬೀರುವಲ್ಲೇ ಕೊಳೀಬೇಕು. ಅಲ್ವಾ?"

"ಮೇಲ್ಮನವಿ ಹಾಕಿ ಮೇಡಂ. ಆದ್ರೆ ಅಳಿಸಿದ ಸಾಲಲ್ಲಿ ಏನಿತ್ತು ಅಂತ ಅದ್ರಲ್ಲಿ ಬರೆಯೋ ಹಾಗಿಲ್ಲ. ಅದು ಗುಟ್ಟು."

"ನಿಮ್ಮ ನಿಯಮಕ್ಕಿಷ್ಟು ಬೆಂಕಿ ಹಾಕ!" ಎಂದು ಹಾಳೆಗಳನ್ನು ಬಾಚಿಕೊಂಡು ಎದ್ದಳು.

ಮನೆಯಲ್ಲಿ ಅಮ್ಮ ಕನ್ನಡಕ ಏರಿಸಿ ಹಾಳೆಗಳನ್ನು ಒಂದೊಂದಾಗಿ ತಿರುವಿದಳು. "ನನ್ನ ಕಣ್ಣೇ ಹೋಯ್ತೇನೇ?"

"ನಿನ್ನ ಕಣ್ಣಲ್ಲಮ್ಮ, ಅವರ ಮಾನ ಹೋಗಿದೆ. ಬಾಯಿಬಿಟ್ರೆ ನನಗೆ ಜೈಲಂತೆ. ಹಾಕ್ಲಿ!" ಎಂದು ಟೀಚರಮ್ಮ ಪಕ್ಕದಲ್ಲೇ ಕೂತು, ಅಣ್ಣನ ಮೂರೂ ಪತ್ರಗಳನ್ನು ನೆನಪಿದ್ದಷ್ಟೂ ಒಪ್ಪಿಸಿದಳು. ಮೂರು 'ನೋಡಲಾಯಿತು'ಗಳನ್ನೂ ಬಿಡಲಿಲ್ಲ.

ಅಮ್ಮ ಅಳಲಿಲ್ಲ. ಗೋಡೆ ಹಿಡಿದು ಎದ್ದು ಚಪ್ಪಲಿ ಹುಡುಕಿದಳು.

"ಎಲ್ಲಿಗಮ್ಮಾ?"

"ಬೀದಿಗೆ. ಮೊದಲು ಎದುರುಮನೆ, ಆಮೇಲೆ ಸಾಲಾಗಿ ಎಲ್ಲ ಮನೆ. ನನ್ನ ಮಗ ಮೂರು ಸಲ ಬೇಡ್ಕೊಂಡಿದ್ದ ಅಂತ ಹೇಳಿ ಬರ್ತೀನಿ."

"ಯಾರು ಹೇಳಿದ್ರು ಅಂತ ಕೇಳ್ತಾರೆ."

"ಕೇಳ್ಲಿ. ಮುಚ್ಚಳಿಕೆ ಬರ್ಕೊಟ್ಟಿದ್ದು ನೀನು, ನಾನಲ್ಲ."

ಟೀಚರಮ್ಮ ತಡೆಯಲಿಲ್ಲ. ತಾನೂ ಚಪ್ಪಲಿ ಮೆಟ್ಟಿದಳು.