ಏಳರ ಮಗ್ಗಿಯ ಕುಂಟೆಬಿಲ್ಲೆ

ಗೋವಿಂದಯ್ಯನ ಪಾಠ ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹನೂರಿನ ಹತ್ತಿರದ ಒಂದು ಹಳ್ಳಿಯ ಸ್ಕೂಲಿಗೆ ನಾನು ಹೆಡ್‌ಮೇಷ್ಟ್ರು, ಅವನು ಯಳಂದೂರಿನಿಂದ ಬಂದ ಸಹಾಯಕ. ನನ್ನ ಕೈಯಲ್ಲಿ ಏಟಿಗೆ ಹುಣಸೆ ಬರಲು, ಅವನ ಕೈಯಲ್ಲಿ ಸುಣ್ಣದ ಉಂಡೆ.

ಸ್ಕೂಲಿನೊಳಗೆ ಮಣ್ಣಿನ ನೆಲದ ಮೇಲೆ ಅವನು ಕುಂಟೆಬಿಲ್ಲೆಯ ಹತ್ತು ಮನೆ ಬರೆಯುತ್ತಿದ್ದ. ಮಕ್ಕಳು ಬಿಲ್ಲೆ ಎಸೆದು, ಒಂಟಿ ಕಾಲಲ್ಲಿ ಮನೆಯಿಂದ ಮನೆಗೆ ಹಾರುತ್ತಾ ಮಗ್ಗಿ ಹೇಳಬೇಕು. ತಪ್ಪಿದರೆ ಏಟಿಲ್ಲ, ಮತ್ತೆ ಮೊದಲ ಮನೆಯಿಂದ ಆಟ. ತಾ ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತು ಎಂದು ನಾನು ಅವನಿಗೆ ಕೇಳಿಸುವಂತೆಯೇ ಗೊಣಗುತ್ತಿದ್ದೆ. ಅವನು ನಕ್ಕು ಇನ್ನೊಂದು ಗೆರೆ ಎಳೆಯುತ್ತಿದ್ದ.

ಚಿಕ್ಕಬಸಮ್ಮ ಎಂಬ ಹನ್ನೊಂದು ವರ್ಷದ ಹುಡುಗಿ ಆ ಆಟಕ್ಕಾಗಿಯೇ ಸ್ಕೂಲಿಗೆ ಬರುತ್ತಿದ್ದಳು. ನನ್ನ ಬರಲಿಗೆ ಹೆದರಿ ಎರಡು ವರ್ಷ ಮೂಕಿಯ ಹಾಗೆ ಕೂತಿದ್ದವಳು ಆರೇ ತಿಂಗಳಲ್ಲಿ ಏಳರ ಮಗ್ಗಿಗೆ ಬಂದಿದ್ದಳು. ಹೆಂಚಿನ ಚೂರೊಂದನ್ನು ಕಲ್ಲಿಗೆ ತೇದು ತೇದು ದುಂಡಗೆ ಮಾಡಿ, ಅದೇ ತನ್ನ ಬಿಲ್ಲೆಯೆಂದು ಲಂಗದ ತುದಿಗೆ ಗಂಟು ಹಾಕಿಕೊಂಡಿರುತ್ತಿದ್ದಳು.

ಅದು ನಲವತ್ತೊಂಬತ್ತನೇ ಇಸವಿ. ನಮ್ಮ ಕೊಳ್ಳೇಗಾಲ ತಾಲ್ಲೂಕು ಇನ್ನೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಇನ್ಸ್‌ಪೆಕ್ಟರು ಬರುತ್ತಾರೆಂದು ಕಾಗದ ಬಂತು. ಸುದ್ದಿ ತಿಳಿದು ಹುಡುಗಿಯ ಅಪ್ಪ ಪುಟ್ಟಮಾದಯ್ಯನೂ ಬಂದ.

"ಎಣ್ಮಗ ದೊಡ್ಡದಾಯ್ತಾ ಅದೆ ಸಾ. ರಾಮಾಪುರದಿಂದ ಅವಳ ಸೋದರಮಾವ ಕೇಳ್ತಾವ್ನೆ. ಸಾಯೇಬ್ರು ಕೇಳಿದ್ಕೆ ಉತ್ರ ಕೊಟ್ರೆ ಇನ್ನೆರಡು ವರ್ಸ ಕಳುಸ್ತೀನಿ. ಇಲ್ದಿದ್ರೆ ಈ ಮಾಘದಲ್ಲೇ ಮದ್ವೆ."

"ಕೊಡ್ತಾಳೆ ಕಣಯ್ಯ," ಎಂದ ಗೋವಿಂದಯ್ಯ.

ದೊಡ್ಡವರು ಬರುವಾಗ ನೆಲ ಸಾರಿಸಬೇಕು. ಮನೆಯಾದರೂ ಅಷ್ಟೆ, ಸ್ಕೂಲಾದರೂ ಅಷ್ಟೆ. ಹಿಂದಿನ ದಿನ ಹೆಣ್ಣುಮಕ್ಕಳಿಗೆ ಸಗಣಿ ತರಲು ಹೇಳಿದೆ. ಗೋವಿಂದಯ್ಯ ಅಡ್ಡ ಬಂದ.

"ಸಾ, ಆ ಮನೆಗಳು ಮಾತ್ರ ಇರ್ಲಿ. ಮಕ್ಳು ಕಾಲಲ್ಲಿ ಕಲ್ತವೆ. ಬಾಯಿಗೆ ಬರಕ್ಕೆ ಇನ್ನೊಂದು ತಿಂಗ್ಳು ಬೇಕು."

"ಸಾಹೇಬರು ನಿನ್ನ ಆಟ ನೋಡಕ್ಕೆ ಬರ್ತಾರೇನಯ್ಯ? ನಾಳೆ ನೀನು ಬಾಯಿ ಬಿಡಬೇಡ," ಎಂದೆ.

ಚಿಕ್ಕಬಸಮ್ಮನೇ ಮಂಡಿಯೂರಿ ಸಾರಿಸಿದಳು. ಕೊನೆಯ ಮನೆಯ ಹತ್ತಿರ ಅವಳ ಕೈ ನಿಂತಿತು. ಬೇಗ ಬೇಗ ಎಂದು ಗದರಿದೆ.

ಇನ್ಸ್‌ಪೆಕ್ಟರು ಒಳ್ಳೆಯವರೇ. ಮೆತ್ತಗೆ ಕೇಳಿದರು: "ಏಳೆಂಟ್ಲ ಎಷ್ಟಮ್ಮ?"

ಅವಳು ನೆಲ ನೋಡಿದಳು. ಒಂದು ಗೆರೆಯೂ ಇರಲಿಲ್ಲ. ಆದರೂ ಎಡಗಾಲನ್ನು ನಿಧಾನವಾಗಿ ಮೇಲೆತ್ತಿದಳು. ಅಧಿಕಾರಿಯ ಮುಂದೆ ಕುಂಟುವುದೇ!

"ಕಾಲು ಕೆಳಗಿಡು," ಎಂದು ಹಲ್ಲು ಕಡಿದೆ.

ಇಟ್ಟಳು. ಆಮೇಲೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಗೋವಿಂದಯ್ಯ ಗೋಡೆ ನೋಡುತ್ತಿದ್ದ. ಟವಲು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಪುಟ್ಟಮಾದಯ್ಯ ಅದನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಶಾಲೆ ಚೊಕ್ಕಟವಾಗಿದೆ ಎಂದು ಇನ್ಸ್‌ಪೆಕ್ಟರು ಪುಸ್ತಕದಲ್ಲಿ ಬರೆದರು.

ಸಂಜೆ ಗೋವಿಂದಯ್ಯ ಹುಡುಗಿಯ ಮನೆಗೆ ಹೋಗಿ ಬೇಡಿಕೊಂಡ. ಆಡಿದ ಮಾತು ಆಡಿದ್ದೇ ಮೇಷ್ಟ್ರೆ, ರಾಮಾಪುರಕ್ಕೆ ಆಳು ಕಳಿಸಿ ಆಯಿತು, ಎಂದನಂತೆ ಪುಟ್ಟಮಾದಯ್ಯ.

ಮಾಘದಲ್ಲಿ ಒಂದು ಬೆಳಗ್ಗೆ ಸ್ಕೂಲಿನ ಬೀಗ ತೆಗೆಯಲು ಬಂದರೆ ಅಂಗಳದಲ್ಲಿ ಚಿಕ್ಕಬಸಮ್ಮ ನಿಂತಿದ್ದಳು. ಮೈಯೆಲ್ಲ ಅರಿಶಿನ. ಮದುವೆ ಅರಿಶಿನ ಹಚ್ಚಿದ ಮೇಲೆ ಹೆಣ್ಣು ಹೊಸಿಲು ದಾಟುವ ಹಾಗಿಲ್ಲ. ಅವಳು ಕದ್ದು ಬಂದಿದ್ದಳು. ಮಣ್ಣಿನಲ್ಲಿ ಕಡ್ಡಿಯಿಂದ ಹತ್ತು ಮನೆ ಗೀರಿದ್ದಳು.

"ನೋಡಿ ಸಾ," ಎಂದು ಕಾಲೆತ್ತಿದಳು.

ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು. ಒಂದೂ ತಪ್ಪಲಿಲ್ಲ. ಎಂಟನೇ ಮನೆಯಲ್ಲಿ ಒಂಟಿ ಕಾಲಲ್ಲೇ ನಿಂತು, "ಏಳೆಂಟ್ಲ ಐವತ್ತಾರು" ಎಂದು ನನ್ನ ಮುಖ ನೋಡಿದಳು. ಎಪ್ಪತ್ತರವರೆಗೂ ಹೋಗಿ ಬಂದು, ಬಿಲ್ಲೆಯನ್ನು ನನ್ನ ಕೈಗಿಟ್ಟಳು.

"ಗೋವಿಂದಯ್ಯ ಮೇಷ್ಟ್ರಿಗೆ ಕೊಡಿ ಸಾ. ನಂಗೆ ಬತ್ತಿತ್ತು ಅನ್ನಿ."

ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಅಂತಾರೆ. ಹಾಗಂದವನು ಆ ಮಗುವಿಗೆ ಕಾಲು ಕೆಳಗಿಡು ಎಂದಿರಲಿಲ್ಲ. ನಾನು ಅಲ್ಲೇ ಜಗಲಿಯ ಮೇಲೆ ಕೂತು ಅತ್ತೆ.

ಗೋವಿಂದಯ್ಯ ಬಂದಾಗ ಬಿಲ್ಲೆ ಕೊಟ್ಟು ಎಲ್ಲ ಹೇಳಿದೆ. ಅವನು ತುಂಬ ಹೊತ್ತು ಅದನ್ನು ಸವರುತ್ತಿದ್ದ.

"ಎಷ್ಟು ಮನೆ ಹಾರುದ್ಲು ಸಾ?"

"ಹತ್ತೂ ಮನೆ ಕಣಯ್ಯ."

ಒಳಗೆ ಮಕ್ಕಳು ಮನೆ ಬರೀರಿ ಸಾ ಎಂದು ಕೂಗುತ್ತಿದ್ದರು. ಅವನು ಕೂತಲ್ಲಿಂದ ಏಳಲಿಲ್ಲ. ಸುಣ್ಣದ ಉಂಡೆ ತೆಗೆದುಕೊಂಡು ನಾನೇ ಬಗ್ಗಿದೆ. ಗೆರೆಗಳೆಲ್ಲ ಸೊಟ್ಟಗಾದವು.