ಬೆರ್ತೋಲ್ಡೊನ ಮಂಗಳವಾರ

ಪೀಸಾದ ಓರ್ಸಿಲಾನಿ ಮನೆಯ ಮೆಟ್ಟಿಲುಗಳ ಪಕ್ಕದ ಗೋಡೆಯಲ್ಲಿ ಹನ್ನೊಂದು ಕಲ್ಲಿನ ಲಾಂಛನಗಳಿವೆ. ಪ್ರತಿಯೊಂದರ ಕೆಳಗೂ ಒಬ್ಬ ಪೂರ್ವಜರ ಹೆಸರು: ಹಡಗುಪಡೆ ನಡೆಸಿದ ಗ್ವೀದೊ, ಪ್ಲೇಗಿನ ವರ್ಷ ಊರು ಬಿಡದೆ ರೋಗಿಗಳ ನಡುವೆ ಉಳಿದ ತೆಯೊದೋರಾ, ಹೀಗೆ. ಮಗುವಿಗೆ ದೀಕ್ಷಾಸ್ನಾನವಾದ ದಿನ ಮನೆಯ ಹಿರಿಯರು ಅದನ್ನೆತ್ತಿಕೊಂಡು ಮೆಟ್ಟಿಲೇರುತ್ತ ಹೆಸರುಗಳನ್ನು ಗಟ್ಟಿಯಾಗಿ ಓದುವುದು ಪದ್ಧತಿ. ಮೂರನೆಯದನ್ನು ಮಾತ್ರ ಓದುತ್ತಿರಲಿಲ್ಲ. ಅದು ತಲೆಕೆಳಗಾಗಿತ್ತು, ದ್ರೋಹಿಯ ಲಾಂಛನವನ್ನು ಇಡುವುದು ಹಾಗೆಯೇ.

ಆ ಮೂರನೆಯವನು ಬೆರ್ತೋಲ್ಡೊ, ಮೊಂಟಾರ್ಸೊ ಕೋಟೆಯ ನಾಯಕ. ಕೋಟೆ ಬಿದ್ದು ಕಾವಲಿನವರೆಲ್ಲ ಸತ್ತದ್ದು 1362ರ ಜುಲೈ ಹನ್ನೆರಡರಂದು ಎಂದು ಫ್ಲಾರೆನ್ಸಿನ ಇತಿಹಾಸ ಹೇಳುತ್ತದೆ. ಅವನ ಸಮಾಧಿಯ ಮೇಲಿರುವುದು 1363ರ ಜುಲೈ ಹನ್ನೆರಡು. ಹಾಗಾದರೆ ಶತ್ರುಗಳಿಗೆ ಬಾಗಿಲು ತೆರೆದುಕೊಟ್ಟು ಒಂದು ವರ್ಷ ಹೆಚ್ಚಿಗೆ ಬದುಕಿದವನು ಅವನೇ ಎಂದು ಮಿಲಾನಿನಲ್ಲಿ ಓದಿ ಬೆಳೆದ ಅಲೆರಾಮೊ ಪ್ರಭುಗಳು ತೀರ್ಮಾನಿಸಿದರು. ಎಪ್ಪತ್ತು ವರ್ಷಗಳ ಹಿಂದೆ, ಯಾರೂ ಕೇಳದಿದ್ದರೂ, ಲಾಂಛನವನ್ನು ತಾವೇ ತಿರುಗಿಸಿದರು. ಅವರ ಮಗಳು ಲವೀನಿಯಾ ಆಗ ಎಂಟು ವರ್ಷದವರು. ಓರ್ಸಿಲಾನಿಯವರ ಮನೆಗೆ ಬೀಗ ಬೇಕಿಲ್ಲ ಎಂಬ ಊರಿನ ಕುಹಕವನ್ನು ಕೇಳುತ್ತಲೇ ಅವರು ಮುದುಕಿಯಾದರು.

ಈ ವಸಂತದಲ್ಲಿ ಅವರ ಮರಿಮಗನ ದೀಕ್ಷಾಸ್ನಾನಕ್ಕೆಂದು ಹೆಸರುಗಳ ಪಟ್ಟಿ ಬರೆಯಲು ನನ್ನನ್ನು ಕರೆದರು. ಆ ಮನೆಯ ಮಕ್ಕಳಿಗೆ ಲೆಕ್ಕ ಕಲಿಸಿದವನು ನಾನು. ಪಟ್ಟಿಗಾಗಿ ಬೆರ್ತೋಲ್ಡೊನ ಸಮಾಧಿಯ ಕಲ್ಲನ್ನೂ ಓದಿದೆ. ಅಲ್ಲಿ ‘ಮಂಗಳವಾರ’ ಎಂದಿತ್ತು. ಎಣಿಸಿ ನೋಡಿದೆ: 1363ರ ಆ ದಿನ ಬುಧವಾರ. ಮಂಗಳವಾರ ಬಂದದ್ದು ಅದರ ಹಿಂದಿನ ವರ್ಷ. ನನ್ನ ತಂದೆಯ ಕಾಲದವರೆಗೂ ಪೀಸಾದಲ್ಲಿ ಹೊಸ ವರ್ಷ ಮಾರ್ಚ್ ಇಪ್ಪತ್ತೈದಕ್ಕೆ, ಫ್ಲಾರೆನ್ಸಿಗಿಂತ ಪೂರ್ತಿ ಒಂದು ವರ್ಷ ಮುಂಚೆ ಆರಂಭವಾಗುತ್ತಿತ್ತು. ಫ್ಲಾರೆನ್ಸಿನವರ 1362ರ ಜುಲೈ ಪೀಸಾದವರಿಗೆ 1363ರ ಜುಲೈ; ಮಿಲಾನಿನಲ್ಲಿ ಬೆಳೆದ ಅಲೆರಾಮೊ ಪ್ರಭುಗಳಿಗೆ ಇದು ತಿಳಿದಿರಲಿಲ್ಲ. ಎರಡೂ ತಾರೀಖು ಒಂದೇ ದಿನದವು. ಬೆರ್ತೋಲ್ಡೊ ತನ್ನವರೊಂದಿಗೇ ಸತ್ತಿದ್ದ.

ಇದನ್ನು ಲವೀನಿಯಾ ಅವರಿಗೆ ತಿಳಿಸಿದೆ.

“ಅಪ್ಪ ತಪ್ಪು ಮಾಡಿದ್ರು ಅಂತ ನೆಂಟರ ಎದುರಿಗೆ ನಾನೇ ಹೇಳ್ಬೇಕಾ, ಮೇಷ್ಟ್ರೇ?”

“ನಾನು ಲೆಕ್ಕ ಹೇಳ್ದೆ ಅಷ್ಟೇ, ಅಮ್ಮನವರೇ.”

“ನಿಮ್ಮ ಲೆಕ್ಕದಿಂದ ಈ ಮನೇಲಿ ಯಾರು ಸುಖವಾಗಿದ್ರು ಹೇಳಿ. ನನ್ನ ಮಕ್ಕಳಿಗೆ ಈಗ್ಲೂ ನಿಮ್ಮ ಬೆತ್ತ ಕನಸಲ್ಲಿ ಬರುತ್ತೆ.”

ಲಾಂಛನವನ್ನು ಮೊದಲೇ ನೆಟ್ಟಗೆ ಮಾಡಿಸೋಣವೆಂದು ಮೊಮ್ಮಗ ಸೂಚಿಸಿದಾಗ ಅವರು ಒಪ್ಪಲಿಲ್ಲ. ಗುಟ್ಟಾಗಿ ತಿದ್ದುವುದು ತಮ್ಮ ಮನೆತನದ ರೀತಿಯಲ್ಲ ಎಂದರು.

ಭಾನುವಾರ ಮಗುವನ್ನೆತ್ತಿಕೊಂಡು ಮೂರನೆಯ ಲಾಂಛನದ ಮುಂದೆ ನಿಂತರು. ಎಂದಿನಂತೆ ನೆಂಟರು ತಲೆ ತಗ್ಗಿಸಿದರು.

“ತಲೆ ಎತ್ತಿ,” ಎಂದರು ಲವೀನಿಯಾ. “ಇದನ್ನ ತಿರುಗಿಸಿದ್ದು ನಮ್ಮಪ್ಪ. ಒಂದು ವರ್ಷ ತಪ್ಪಿ ಎಣಿಸಿದ್ರು. ಆದ್ರೆ ಸ್ವಂತ ರಕ್ತ ಅಂತ ಮುಚ್ಚಿಡಲಿಲ್ಲ. ಅಂಥೋರು ಈ ಊರಲ್ಲಿ ಇನ್ನೊಬ್ರಿದ್ರೆ ತೋರ್ಸಿ.”

ಅವರು ಮಗುವಿನತ್ತ ತಿರುಗಿ ಓದಿದರು: “ಬೆರ್ತೋಲ್ಡೊ. ಮೊಂಟಾರ್ಸೊ ಬಾಗಿಲಲ್ಲಿ, ತನ್ನವರ ಜೊತೆ, ಮಂಗಳವಾರ.”

ಮರುದಿನ ಕಲ್ಲುಕುಟಿಗ ಬಂದು ಲಾಂಛನವನ್ನು ನೆಟ್ಟಗೆ ಕೂರಿಸಿದ. ಅದರ ಕೆಳಗೆ ಕೆತ್ತಬೇಕಾದ ವರ್ಷ ಯಾವುದೆಂದು ನನ್ನನ್ನು ಕೇಳಿದ. 1363 ಎಂದೇ ಬರೆದುಕೊಟ್ಟೆ, ನಮ್ಮ ಪೀಸಾದ ಲೆಕ್ಕದಲ್ಲಿ.